ಭಾನುವಾರ ಸೆನ್ಸೆ ನಮ್ಮೂರಿಗೆ ಬರುತ್ತಾರೆ

ಹಾಸ್ಟೆಲ್, ಬೆಂಗಳೂರು
ಗುರುವಾರ ಮಧ್ಯಾಹ್ನ

ಬಾಯಿತುಂಬ ಬೈದು, ಆಮೇಲೆ ಬಿಸಿ ಅಕ್ಕಿರೊಟ್ಟಿ ತಟ್ಟಿಕೊಡುವ ನನ್ನ ಅವ್ವನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ದಿನಾ ಫೋನು ಮಾಡುವವಳು ಇವತ್ತೇಕೆ ಕಾಗದ ಬರೆದಳು ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ನನ್ನ ಬಾಯಿ ಕಟ್ಟಿಹೋಗುತ್ತದೆ. ಪಕ್ಕದ ಮನೆಯ ಪುನೀತಣ್ಣ ಕೆಲಸ ಮುಗಿಸಿ ಸಂಜೆ ರೈಲಿಗೆ ಚನ್ನಪಟ್ಟಣಕ್ಕೆ ಬರುತ್ತಾನಲ್ಲ, ಅವನ ಕೈಲಿ ಕಳಿಸುತ್ತಿದ್ದೇನೆ. ನೀನೇ ಓದಿಕೊ. ಅಪ್ಪನ ಕೈಲಿ ಓದಿಸಬೇಡ.

ಅವ್ವಾ, ನಾನು ನಿನ್ನನ್ನು ಸಾಯಿಸಿಬಿಟ್ಟಿದ್ದೇನೆ.

"ಬುಡ್ತು ಅನ್ನೇ, ಬುಡ್ತು ಅನ್ನು" ಎಂದು ನೀನು ಅರಚುವುದು ಇಲ್ಲಿಗೇ ಕೇಳಿಸುತ್ತಿದೆ. ಬಿಡ್ತು, ಬಿಡ್ತು, ಸಾವಿರ ಸಲ ಬಿಡ್ತು. ಆದರೆ ಆಡಿದ ಮಾತು ಆಡಿಯಾಗಿದೆ. ಮೊದಲಿನಿಂದ ಹೇಳುತ್ತೇನೆ, ನಡುವೆ ಕಾಗದ ಹರಿದು ಬಿಸಾಡಬೇಡ.

ಸೋಮವಾರ ನಮಗೆ ಜಪಾನಿ ಭಾಷೆಯ ಮಾತಿನ ಪರೀಕ್ಷೆ ಇತ್ತು. ಹೆಸರೇನು, ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ, ಏನು ಕೆಲಸ ಮಾಡುತ್ತಾರೆ, ಅಷ್ಟೇ. ನಾವಿನ್ನೂ ಅಂಬೆಗಾಲಿಡುವವರು. ಆ ಭಾಷೆಯಲ್ಲಿ ಹೆತ್ತವ್ವನಿಗೆ ‘ಹಹಾ’ ಎನ್ನುತ್ತಾರೆ ಎಂದು ಹೇಳಿದ ದಿನ, "ಅದೇನೇ ಅದು, ಅವ್ವ ಅಂದ್ರೆ ನಗೋದಾ?" ಎಂದು ಬಿದ್ದು ಬಿದ್ದು ನಕ್ಕಿದ್ದೆ ನೀನು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಲೇ ನನ್ನ ಜೊತೆ ಫೋನಿನಲ್ಲಿ ಇಚಿ, ನಿ, ಸಾನ್ ಎಂದು ಎಣಿಸಿದ್ದೆ. ಅಷ್ಟೆಲ್ಲ ಕಲಿತಿದ್ದರೂ ಆವತ್ತು ಬಸ್ಸು ಕೈಕೊಟ್ಟಿತು. ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದು, ಮೊರಿತಾ ಸೆನ್ಸೆ ಒಬ್ಬರೇ ಕುರ್ಚಿ ಸರಿಸುತ್ತಿದ್ದರು. ಸೆನ್ಸೆ ಎಂದರೆ ನಮ್ಮ ಮೇಡಂ. ಜಪಾನಿನಿಂದಲೇ ಬಂದವರು, ನಿನ್ನದೇ ವಯಸ್ಸು.

ಪರೀಕ್ಷೆ ತಪ್ಪಿಸಿಕೊಂಡವರಿಗೆ ಇನ್ನೊಂದು ಅವಕಾಶವಿಲ್ಲ, ಹೆತ್ತವರು ತೀರಿಕೊಂಡಿದ್ದರೆ ಮಾತ್ರ ಉಂಟು ಎಂದು ಇಲ್ಲಿ ನಿಯಮ. ಹೈಸ್ಕೂಲಿನಲ್ಲಿ ರಜಾ ಅರ್ಜಿಗೆ ದೊಡ್ಡಲಕ್ಷ್ಮಮ್ಮಜ್ಜಿಯನ್ನು ಎಷ್ಟು ಸಲ ಸಾಯಿಸಿದ್ದೆನೋ, ಅಜ್ಜಿ ಇವತ್ತಿಗೂ ಕಲ್ಲುಗುಂಡಿನ ಹಾಗಿದ್ದಾಳೆ. ಇಲ್ಲಿ ಅಜ್ಜಿ ನಡೆಯುವುದಿಲ್ಲ. ಅಪ್ಪನ ಹೆಸರು ಹೇಳಬಹುದಿತ್ತಲ್ಲ ಎನ್ನುತ್ತೀಯಾ? ಹಾಗೇನಾದರೂ ಹೇಳಿದ್ದರೆ, ನನ್ನ ಕುಂಕುಮಕ್ಕೇ ಕೈ ಹಾಕಿದಳು ಎಂದು ನೀನು ನನ್ನನ್ನು ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಆದ್ದರಿಂದ ನಿನ್ನನ್ನೇ ಹೇಳಿದೆ. ‘ಹಹಾ ಗಾ ನಕುನಾರಿಮಾಶಿತಾ.’ ಅವ್ವ ತೀರಿಕೊಂಡಳು. ಕನ್ನಡದಲ್ಲಾಗಿದ್ದರೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಇದು ಪುಸ್ತಕ, ಅದು ಕುರ್ಚಿ ಎಂದು ಪಾಠ ಒಪ್ಪಿಸುತ್ತೇವಲ್ಲ, ಹಾಗೆ ಒಪ್ಪಿಸಿಬಿಟ್ಟೆ. ಆ ಮಾತಿಗೆ ತೂಕವೇ ಇರಲಿಲ್ಲ.

ತೂಕ ಬಂದದ್ದು ಸೆನ್ಸೆಯ ಮುಖ ನೋಡಿದ ಮೇಲೆ. ಹಿಡಿದ ಕುರ್ಚಿ ಬಿಟ್ಟು ನನ್ನ ಮುಂದೆ ಸೊಂಟ ಬಗ್ಗಿಸಿ ನಿಂತರು, ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ತುಂಬಿತ್ತು. ಮುಂದಿನ ಮಂಗಳವಾರ ನಿನಗೊಬ್ಬಳಿಗೇ ಪರೀಕ್ಷೆ ಮಾಡುತ್ತೇನೆ ಎಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ, ನಮ್ಮ ಮೇಷ್ಟ್ರುಗಳಾದರೆ ಅರ್ಜಿಗೆ ಸೈನು ಹಾಕಿ ಮರೆತುಬಿಡುತ್ತಾರಲ್ಲ! ಸೆನ್ಸೆ ಮರೆಯಲಿಲ್ಲ. ಮಾರನೆಯ ದಿನ ಕ್ಲಾಸು ಮುಗಿದ ಮೇಲೆ ಕರೆದು, ಭಾನುವಾರ ನಿಮ್ಮ ಮನೆಗೆ ಬರುತ್ತೇನೆ ಎಂದರು. ಅವರ ಕಡೆ ಸತ್ತವರ ಫೋಟೊ ಮುಂದೆ ಊದಿನಕಡ್ಡಿ ಹಚ್ಚಿ ಕೈ ಮುಗಿಯದಿದ್ದರೆ ಮನಸ್ಸು ಒಪ್ಪುವುದಿಲ್ಲವಂತೆ. ದೂರ ಎಂದೆ. ಅಕ್ಕೂರಿಗೆ ಸರಿಯಾಗಿ ಬಸ್ಸಿಲ್ಲ ಎಂದೆ. ನಡೆದಾದರೂ ಬರುತ್ತೇನೆ ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡರು.

ನಮ್ಮ ಹುಳು ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಗಬಗಬನೆ ಮೇಯುತ್ತಿರುವ ಹೊತ್ತು. ಊದಿನಕಡ್ಡಿ ಹೊಗೆ ತಾಗಿದರೆ ರೇಷ್ಮೆ ಹುಳು ಕೆಡುತ್ತದೆ ಎಂದು ದೇವರ ಮುಂದೂ ಹಚ್ಚದವಳು ನೀನು. ಸೂತಕದವರು ನೆಂಟರಾದರೂ ಬಾಗಿಲಲ್ಲೇ ತಡೆಯುವವಳು. ಈಗ ನಿನ್ನದೇ ಸೂತಕಕ್ಕೆ ಜಪಾನಿನವರು ಊದಿನಕಡ್ಡಿ ಹಿಡಿದುಕೊಂಡು ಬರುತ್ತಿದ್ದಾರೆ. ನಗಬೇಕೋ ಅಳಬೇಕೋ ಗೊತ್ತಾಗದೆ ಎರಡು ದಿನದಿಂದ ಅನ್ನ ಸೇರುತ್ತಿಲ್ಲ.

ಒಂದು ಉಪಾಯ ಮಾಡಿದ್ದೆ. ಭಾನುವಾರ ನಿನ್ನನ್ನು ಸೋಲೂರಿಗೆ ನಯನಕ್ಕನ ಮನೆಗೆ ಸಾಗಹಾಕಿ, ನಡುಮನೆಯಲ್ಲಿ ನಿನ್ನ ಫೋಟೊ ಇಡುವುದು ಎಂದು. ಹಾಳು ಬುದ್ಧಿ ನೋಡು ನನ್ನದು. ನಿನ್ನೆ ಸ್ಟುಡಿಯೋಗೂ ಹೋದೆ. ಅಕ್ಕನ ಮದುವೆಯಲ್ಲಿ ನಾನೇ ತೆಗೆದ ಫೋಟೊ, ಹಣೆಗೆ ಅಷ್ಟಗಲ ಕುಂಕುಮ ಇಟ್ಟುಕೊಂಡು ನಗುತ್ತಿದ್ದೀಯ. ಅಂಗಡಿಯವನು ಅದನ್ನು ದೊಡ್ಡದು ಮಾಡಿ, "ಕೆಳಗೆ ತಾರೀಕು ಯಾವ್ದು ಹಾಕ್ಲಿ ಮೇಡಂ?" ಎಂದ. ಅವ್ವಾ, ಬೀದಿಗೆ ಓಡಿಬಂದೆ. ಚಪ್ಪಲಿ ಅಲ್ಲೇ ಉಳಿಯಿತು.

ನೀನು ಎಲ್ಲೂ ಹೋಗಬೇಡ. ಭಾನುವಾರ ಬಾಗಿಲಲ್ಲೇ ನಿಂತಿರು. ಸೆನ್ಸೆಗೆ ರೈಲಿನಲ್ಲೇ ನಿಜ ಹೇಳಿಬಿಡುತ್ತೇನೆ. ಮಂಗಳವಾರದ ಪರೀಕ್ಷೆ ಹೋಗುತ್ತದೆ, ಜೊತೆಗೆ ಒಂದು ವರ್ಷ ಹೋಗುತ್ತದೆ, ಹೋಗಲಿ. ಅವರು ಸಿಟ್ಟಾಗಿ ರಾಮನಗರದಲ್ಲೇ ಇಳಿದು ವಾಪಸು ಹೋದರೂ ತಪ್ಪಿಲ್ಲ. ಬಂದರೆ ಒಂದು ಲೋಟ ಕಾಫಿ ಕೊಡು. ಅವರು ಹೋದ ಮೇಲೆ ನನ್ನನ್ನು ಬೈಯಿ, ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಬೈಯಿ. ನನಗೆ ಅದು ಬೇಕು ಅವ್ವಾ.

ನೀನಿಲ್ಲದೆ ಗತಿಯಿಲ್ಲದ,
ಸುಮನಾ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಬಸ್ಸು ಕೈಕೊಡಲಿಲ್ಲ. ಸೋಮವಾರ ಬೆಳಗ್ಗೆ ನಾನು ಆಸ್ಪತ್ರೆಯಲ್ಲಿದ್ದೆ, ನಿನ್ನ ಎದೆಯ ಗಂಟಿನ ರಿಪೋರ್ಟಿಗಾಗಿ. ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದೆ. "ಗೂಡು ಬಿಡಿಸೋಗಂಟ ನಿಮ್ಮವ್ವಂಗೆ ಹೇಳ್ಬೇಡ ಕಣವ್ವ, ಎದೆ ಒಡ್ಕಂಡ್ಬುಡ್ತಾಳೆ" ಎಂದು ಗೊಳೋ ಎಂದು ಅತ್ತ. ಕೊಬ್ಬಿನ ಗಂಟು ಎಂದು ನಿನಗೆ ಅವನು ಹೇಳಿದ್ದು ಸುಳ್ಳು. ಕ್ಯಾನ್ಸರ್ ಅಂತೆ. ಈಗಲೇ ಶುರು ಮಾಡಿದರೆ ವಾಸಿಯಾಗುತ್ತದೆ, ಒಂದು ವಾರಕ್ಕಿಂತ ಹೆಚ್ಚು ತಡ ಮಾಡಬೇಡಿ ಎಂದಿದ್ದಾರೆ ಡಾಕ್ಟರು. ಏನಾಯಿತು ಎಂದು ಸೆನ್ಸೆ ಕೇಳಿದಾಗ, ಅವ್ವನಿಗೆ ಕಾಯಿಲೆ ಎಂದು ಹೇಳುವಷ್ಟು ಜಪಾನಿ ನನಗೆ ಬರುತ್ತಿತ್ತು, ಪಾಠದಲ್ಲೇ ಆಗಿತ್ತು. ಅದು ನಿಜವಾಗಿತ್ತು, ಅದಕ್ಕೇ ಹೇಳಲಾಗಲಿಲ್ಲ. ಹುಳು ಅಪ್ಪ ನೋಡಿಕೊಳ್ಳಲಿ. ಬರುವ ಸೋಮವಾರ ಬೆಳಗ್ಗೆ ನನ್ನ ಜೊತೆ ಆಸ್ಪತ್ರೆಗೆ ಹೊರಟುಬಿಡು ಅವ್ವಾ, ಹುಳು ಹಣ್ಣಾಗಿ ಗೂಡು ಕಟ್ಟಲಿ ಎನ್ನಬೇಡ.