ಕತ್ತು ಬಾಡಿಗೆಗಿಲ್ಲ

ಇಂಬಾಬಾ, ಕೈರೋ
ಮಾರ್ಚ್ 9, 1996

ಪ್ರೀತಿಯ ಅಪ್ಪನಿಗೆ ನಿಮ್ಮ ಮಗ ಫಿಕ್ರಿಯ ಸಲಾಮುಗಳು.

ಮಂಡಿನೋವು ಹೇಗಿದೆ? ಅಸ್ವಾನಿನ ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಹಿಂದಿನ ಸಲದಂತೆ ಪಕ್ಕದ ಮನೆಯ ಕತ್ತೆಯ ಕಾಲಿಗೆ ಸವರಿ ಪುಣ್ಯ ಕಟ್ಟಿಕೊಂಡಿರೋ? ಅಮ್ಮನ ಕಣ್ಣಿನ ಪೊರೆ ತೆಗೆಸುವ ಮಾತು ಎಲ್ಲಿಗೆ ಬಂತು? ಚಿಕ್ಕಪ್ಪನ ಮಗ ಶಾಬಾನ್ ರೈಲಿನಲ್ಲಿ ತಂದ ಖರ್ಜೂರ ಮುಟ್ಟಿದೆ. ಇಹ್ಸಾನ್ ಅರ್ಧ ಭಾಗ ಬಚ್ಚಿಟ್ಟಿದ್ದಾಳೆ, ಎಲ್ಲಿ ಎಂದು ಗಂಡನಾದ ನನಗೂ ಹೇಳಿಲ್ಲ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಫೋನು ಮಾಡೋಣವೆಂದರೆ ನಿಮ್ಮೂರಿನ ಅಂಗಡಿಯ ಫೋನಿಗೆ ಅರ್ಧ ಊರು ಕಿವಿಯಾಗಿ ನಿಂತಿರುತ್ತದೆ. ಜೊತೆಗೆ, ನಾನು ಮಾಡಿದಾಗಲೆಲ್ಲ ನೀವು ಮಲಗಿರುತ್ತೀರಿ. ಮಧ್ಯಾಹ್ನದ ನಮಾಜಿಗೂ ಮುಂಚೆ ಎಂದೂ ಮಲಗದ ನೀವು! ಅದಕ್ಕೇ ಈ ಕಾಗದ. ಕಾಗದವನ್ನು ಮಲಗಿಕೊಂಡೂ ಓದಬಹುದು.

ಶಾಬಾನ್ ಖರ್ಜೂರದ ಜೊತೆ ನಿಮ್ಮ ಮಾತನ್ನೂ ಹೊತ್ತು ತಂದ. ಹೇಳಲಾರೆ ಹೇಳಲಾರೆ ಅನ್ನುತ್ತಲೇ ಟೀ ಮುಗಿಸಿ, ನೆಲ ನೋಡುತ್ತ ಹೇಳಿಬಿಟ್ಟ: "ವಾಚ್‌ಮನ್ ಪಾತ್ರ ಮಾಡೋಕೆ ನಾಚಿಕೆ ಆದ್ರೆ, ವಾಚ್‌ಮನ್ ದುಡಿದು ಹಾಕಿದ ಅನ್ನ ತಿನ್ನೋವಾಗ್ಲೂ ಆಗ್ಬೇಕಿತ್ತು." ನೀವು ಹೀಗೆ ಅಂದಿರೆಂದು ನಾನು ನಂಬಿದೆ ಅಪ್ಪಾ, ಏಕೆಂದರೆ ಇಷ್ಟು ಚೆನ್ನಾಗಿ ಚುಚ್ಚುವುದು ಶಾಬಾನನ ಕೈಲಿ ಆಗದ ಕೆಲಸ. ಆ ಸಿನಿಮಾ ಪತ್ರಿಕೆ ನಿಮ್ಮೂರಿಗೂ ಬಂದಿರಬೇಕು. "ಕಾವಲುಗಾರನ ಮಗನಿಗೆ ಈಗ ಕಾವಲುಗಾರನೆಂದರೆ ಅಸಹ್ಯ" ಎಂದು ನನ್ನ ಫೋಟೋದ ಕೆಳಗೆ ಬರೆದಿದ್ದಾರೆ. ಬರೆದವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನೀವೂ ಕೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಮೇಲಿದೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಆಮೇಲೆ ಬೇಕಾದರೆ ಬೈಯಿರಿ.

ನಾಟಕಶಾಲೆಯ ಕೊನೆಯ ವರ್ಷದಲ್ಲಿ ನಾನು ರಾಜನ ಪಾತ್ರ ಮಾಡಿದ್ದು ನಿಮಗೆ ನೆನಪಿದೆ. ನೀವು ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಬಂದು, ಹಿಂದಿನ ಸಾಲಿನಲ್ಲಿ ನಾಟಕ ಮುಗಿಯುವ ತನಕ ನಿಂತೇ ಇದ್ದಿರಿ. ಅದೇ ಮೊದಲು, ಅದೇ ಕೊನೆ. ಆಮೇಲೆ ಯಾರೂ ನನಗೆ ಕಿರೀಟ ಕೊಡಲಿಲ್ಲ. ದಕ್ಷಿಣದ ನೂಬಿಯಾದವನ ಈ ಕರಿಮುಖ ನೋಡಿದ ಕೂಡಲೇ ನಿರ್ದೇಶಕರಿಗೆ ಒಂದು ಬಾಗಿಲು ನೆನಪಾಗುತ್ತದೆ, ಬಾಗಿಲ ಪಕ್ಕ ಒಂದು ಬೆಂಚು ನೆನಪಾಗುತ್ತದೆ. ಕಾವಲುಗಾರ, ಅಡಿಗೆಯವ, ಡ್ರೈವರು, ಒಮ್ಮೆ ದೀಪದಿಂದ ಏಳುವ ಭೂತ. ಹೆಸರು ಉಸ್ಮಾನ್, ತಪ್ಪಿದರೆ ಇದ್ರೀಸ್. ನಾಟಕಶಾಲೆಯಲ್ಲಿ ಅರಬ್ಬೀ ವ್ಯಾಕರಣಕ್ಕೆ ಬಹುಮಾನ ಪಡೆದವನ ಬಾಯಲ್ಲಿ ಅವರು ಆಡಿಸಿದ ಮಾತೇನು ಗೊತ್ತೆ? "ಸಾಹೇಬ್ರು ಬಂದಳು, ಅಮ್ಮಾವ್ರು ಹೋದ." ನಮ್ಮವರಿಗೆ ಗಂಡು ಹೆಣ್ಣಿನ ವ್ಯತ್ಯಾಸ ತಿಳಿಯದಂತೆ! ಇಷ್ಟಕ್ಕೇ ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಮೊದಮೊದಲು ನಾನೂ ಆಡಿದೆ. ಇವತ್ತು ಬಾಗಿಲಲ್ಲಿ ನಿಲ್ಲಿಸಿದರು, ನಾಳೆ ಒಳಗೆ ಕರೆದಾರು ಎಂದುಕೊಂಡೆ. ಯಾರೂ ಕರೆಯಲಿಲ್ಲ.

ಹೋದ ಶರತ್ಕಾಲದಲ್ಲಿ ನಿರ್ಮಾಪಕ ಹಾಜಿ ಕದ್ರಿ ಕರೆಸಿದರು. ರಂಜಾನಿನ ಧಾರಾವಾಹಿ, ಮುಖ್ಯ ಪಾತ್ರ, ತಿಂಗಳಿಡೀ ಎಲ್ಲರ ಮನೆಯಲ್ಲೂ ನನ್ನ ಮುಖ. ಪಾತ್ರ ಕಾವಲುಗಾರನದ್ದು. ಅಪ್ಪಾ, ಈ ಸಾಲನ್ನು ಎರಡು ಸಲ ಓದಿ: ನಾನು ಒಪ್ಪಿಕೊಂಡೆ. ಒಂದೇ ಮಾತು ಕೇಳಿದೆ, ಈ ಕಾವಲುಗಾರ ನನ್ನಪ್ಪ ಮಾತಾಡುವ ಹಾಗೆ ಮಾತಾಡಲಿ ಎಂದು. ನಿರ್ದೇಶಕ ರಊಫ್ ಸಿಗರೇಟು ಕೊಡವುತ್ತ, "ಲೋ ಫಿಕ್ರಿ, ನಿಮ್ಮಪ್ಪನ್ನ ಇಲ್ಲಿ ಯಾರೋ ಕೇಳಿದ್ರು? ದಿನವಿಡೀ ಉಪವಾಸ ಇದ್ದು ಈಗಷ್ಟೇ ಹೊಟ್ಟೆ ತುಂಬಿಸ್ಕೊಂಡೋರು ನಗ್ಬೇಕು. ಅಷ್ಟೇ ಕಣೋ ನಮ್ ಕೆಲ್ಸ" ಎಂದ. ನೋಡೋಣ, ಚಿತ್ರೀಕರಣದಲ್ಲಿ ಸರಿಹೋದೀತು ಎಂದು ಸುಮ್ಮನಾದೆ.

ಮೊದಲ ದಿನದ ದೃಶ್ಯ ಇದು. ಮೂರನೇ ಮಹಡಿಯ ಬಾಡಿಗೆದಾರ ಇಳಿದು ಬರುತ್ತಾನೆ, ಕಾರು ಒರೆಸಿಲ್ಲವೆಂದು ನನ್ನ ಕತ್ತಿನ ಹಿಂದೆ ಫಟಾರನೆ ಬಾರಿಸುತ್ತಾನೆ. ನಾನು ಹಲ್ಲು ಕಿರಿದು "ಸಾಹೇಬ್ರ ಕೈ ತುಂಬಾ ಮೆತ್ತಗಿದಾಳೆ" ಅನ್ನಬೇಕು. ಅಭ್ಯಾಸದಲ್ಲಿ ಆತ ಮೂರು ಸಲ ಹೊಡೆದ, ನಾನು ಮೂರು ಸಲ ಕಿರಿದೆ. ಕ್ಯಾಮೆರಾ ಓಡತೊಡಗಿತು. ಆತ ಕೈ ಎತ್ತಿದ. ನನಗೇನಾಯಿತೋ, ತಿರುಗಿ ಆ ಕೈ ಹಿಡಿದುಕೊಂಡೆ. ಸಿಟ್ಟಿನಿಂದಲ್ಲ ಅಪ್ಪಾ, ಮೆಟ್ಟಿಲಲ್ಲಿ ಜಾರುವವನನ್ನು ಹಿಡಿದಂತೆ ಹಿಡಿದೆ. ಶುದ್ಧವಾದ ಮಾತಿನಲ್ಲಿ ಹೇಳಿದೆ: "ಸ್ವಾಮಿ, ನೀವು ಬಾಡಿಗೆ ಕೊಡುವುದು ಮನೆಗೆ. ನನ್ನ ಕತ್ತಿಗಲ್ಲ."

ಮೇಲೆ ದೀಪ ಹಿಡಿದು ಕೂತಿದ್ದವನೊಬ್ಬ ಚಪ್ಪಾಳೆ ತಟ್ಟಿದ. ಟೀ ಕೊಡುವವ, ಬಣ್ಣ ಹಚ್ಚುವವ, ವೈರು ಎಳೆಯುವವರು ಎಲ್ಲರೂ ತಟ್ಟಿದರು. ಕೈ ಎತ್ತಿದ್ದ ನಟನೂ ನಕ್ಕುಬಿಟ್ಟ. ರಊಫ್ ಮಾತ್ರ ಕಟ್ ಕಟ್ ಎಂದು ಕಿರುಚುತ್ತಿದ್ದ. ಇದನ್ನೇ ಇಟ್ಟುಕೊಳ್ಳಿ, ಜನ ಇದಕ್ಕೂ ನಗುತ್ತಾರೆ, ಆದರೆ ಹೊಡೆಯಲು ಬಂದವನನ್ನು ನೋಡಿ ನಗುತ್ತಾರೆ ಎಂದೆ. ಹಾಜಿ ಕದ್ರಿ ಬಂದು ಮೆಲ್ಲಗೆ ಹೇಳಿದರು, "ಮಗಾ, ಇನ್ನು ಈ ಊರಲ್ಲಿ ನಿಂಗೆ ತೆಗೆಯೋಕೂ ಒಂದು ಬಾಗಿಲು ಸಿಗಲ್ಲ." ನಾನೆಂದೆ, "ತೆಗೆದಿದ್ದು ಸಾಕು ಹಾಜಿ. ಇನ್ಮೇಲೆ ತಟ್ತೀನಿ." ಪಾತ್ರದ ನಿಲುವಂಗಿ ಕಳಚಿ ಕುರ್ಚಿಯ ಮೇಲೆ ಮಡಿಸಿಟ್ಟು ಬಂದೆ.

ಉಳಿದದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಬೆಳ್ಳಗಿನವನೊಬ್ಬನ ಮುಖಕ್ಕೆ ಮಸಿ ಬಳಿದು ಕೂರಿಸಿದರು, ಅವನು ರಂಜಾನ್ ತಿಂಗಳಿಡೀ ಏಟು ತಿಂದ. ನೀವು ಅದನ್ನು ನೋಡಿ ನಕ್ಕಿರಾ? ನಕ್ಕಿದ್ದರೆ ನನಗೆ ಬರೆಯಬೇಡಿ. ಹಾಜಿ ಹೇಳಿದಂತೆಯೇ ಆಯಿತು, ಒಬ್ಬರೂ ಕರೆಯಲಿಲ್ಲ. ಮಕ್ಕಳ ಕಾರ್ಟೂನುಗಳಿಗೆ ದನಿ ಕೊಟ್ಟು ಚಳಿಗಾಲ ಕಳೆದೆ. ವಿಚಿತ್ರ ನೋಡಿ, ಅಲ್ಲಿ ನಾನು ಸುಲ್ತಾನನಾದೆ, ನ್ಯಾಯಾಧೀಶನಾದೆ, ಸಿಂಹವೂ ಆದೆ. ದನಿಗೆ ಬಣ್ಣವಿಲ್ಲವಲ್ಲ! ಒಂದು ಸಂಜೆ ಸೋತು ಹೋಗಿ, ಹಾಜಿಯ ಮನೆಗೆ ಹೋಗಿ ಬರಲೇ ಎಂದು ಇಹ್ಸಾನಳನ್ನು ಕೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಮನೇಲಿ ಬೇಯಿಸಿದ ಅವರೆ ಇದೆ, ರೊಟ್ಟಿ ಇದೆ. ಕತ್ತು ಬಗ್ಗಿಸಿ ತರೋ ಮಾಂಸ ನಂಗೆ ಅರಗಲ್ಲ. ಹೋಗೋದಾದ್ರೆ ಹೋಗಿ, ಅಲ್ಲೇ ಉಂಡ್ಕೊಂಡು ಬನ್ನಿ" ಅಂದಳು. ನಿಮ್ಮ ಸೊಸೆಯ ನಾಲಿಗೆ ನಿಮಗೆ ಗೊತ್ತೇ ಇದೆ.

ಈಗ ನನ್ನ ಸಿಟ್ಟಿನ ಮಾತು. ನಾನು ಚಿಕ್ಕವನಿದ್ದಾಗ, ನೀವು ಕಾವಲಿದ್ದ ಜಮಾಲೆಕ್ಕಿನ ಆ ಕಟ್ಟಡಕ್ಕೆ ಹೊಸದಾಗಿ ಬಂದ ವಕೀಲರು ಕಿಟಕಿಯಿಂದ "ಏ ಉಸ್ಮಾನ್, ಏ ಉಸ್ಮಾನ್" ಎಂದು ಕೂಗುತ್ತಿದ್ದರು. ಬಷೀರ್ ಎಂಬ ಹೆಸರಿನ ನೀವು ಬೆಂಚಿನ ಮೇಲೆ ಅಲ್ಲಾಡದೆ ಕೂತಿದ್ದಿರಿ. ಅವರು ಚಪ್ಪಲಿಯಲ್ಲೇ ಕೆಳಗಿಳಿದು ಬಂದು ಕಿವಿ ಕೇಳಿಸಲ್ವಾ ಎಂದಾಗ ಎದ್ದು ನಿಂತು, ಎಷ್ಟು ಮರ್ಯಾದೆಯಿಂದ ಹೇಳಿದಿರಿ: "ಉಸ್ಮಾನ್ ಅನ್ನೋರು ಈ ಕಟ್ಟಡದಲ್ಲಿ ಯಾರೂ ಇಲ್ಲ ಸ್ವಾಮಿ. ಬೇಕಿದ್ರೆ ಪಕ್ಕದ ಬೀದೀಲಿ ವಿಚಾರಿಸ್ತೀನಿ." ಕೆಲಸ ಹೋದೀತೆಂದು ಅಮ್ಮ ಮೆಟ್ಟಿಲ ಕೆಳಗಿನ ನಮ್ಮ ಕೋಣೆಯಲ್ಲಿ ಗಂಟುಮೂಟೆ ಕಟ್ಟತೊಡಗಿದ್ದಳು. ಮರುದಿನದಿಂದ ಅವರು ನಿಮ್ಮನ್ನು ಬಷೀರ್ ಎಂದೇ ಕರೆದರು. ನಾನು ಮಾಡಿದ್ದು ಅಷ್ಟೇ ಅಪ್ಪಾ. ನೀವು ಬೆಂಚಿನ ಮೇಲೆ ಮಾಡಿದ್ದನ್ನು ನಾನು ಕ್ಯಾಮೆರಾದ ಮುಂದೆ ಮಾಡಿದೆ. ನಿಮ್ಮ ಕೆಲಸಕ್ಕೆ ನಾನು ನಾಚಿದವನಲ್ಲ. ನನಗೆ ನಿಮ್ಮ ವೇಷ ತೊಡಿಸಿ, ನೀವಲ್ಲದವನನ್ನು ಮಾಡಿ, ನನ್ನ ಕೈಯಿಂದಲೇ ನಿಮ್ಮನ್ನು ನಗೆಪಾಟಲು ಮಾಡಿಸುತ್ತಿದ್ದರು. ಅದಕ್ಕೆ ಒಲ್ಲೆನೆಂದೆ. ಮುಂದೆಯೂ ಒಲ್ಲೆ ಎನ್ನುತ್ತೇನೆ, ಊಟಕ್ಕಿಲ್ಲದಿದ್ದರೂ ಸರಿ.

ಒಂದು ಸಿಹಿ ಸುದ್ದಿಯಿದೆ. ಆ ದಿನ ಚಪ್ಪಾಳೆ ತಟ್ಟಿದ ದೀಪದವನು ಈ ಕಥೆಯನ್ನು ಊರಿಡೀ ಹಂಚಿದ್ದಾನೆ. ಅದು ಮುಫೀದಾ ಎಂಬ ಹೊಸ ನಿರ್ದೇಶಕಿಯ ಕಿವಿಗೂ ಬಿತ್ತು. ಆಕೆ ನಮ್ಮ ಹಳೆಯ ಊರುಗಳು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಕಾಲದ ಸಿನಿಮಾ ಮಾಡುತ್ತಿದ್ದಾಳೆ. ಜೀವಮಾನವೆಲ್ಲ ಜನರನ್ನು ನದಿ ದಾಟಿಸಿದ ಒಬ್ಬ ಅಂಬಿಗ, ಊರು ಖಾಲಿ ಮಾಡಿಸಲು ಬಂದ ಸರ್ಕಾರಿ ಹಡಗನ್ನು ಹತ್ತಲು ಒಪ್ಪುವುದಿಲ್ಲ. ಆ ಅಂಬಿಗ ನಾನು. ಸಂಬಳ ಹೇಳಿದರೆ ನೀವು ನಗುತ್ತೀರಿ, ಹೇಳುವುದಿಲ್ಲ. ಅವನಿಗೆ ಹೆಂಡತಿ ಇದ್ದಾಳೆ, ಹಟ ಇದೆ, ಸ್ವಂತ ಹೆಸರಿದೆ.

ಅಮ್ಮನ ಕೈಗೆ ನನ್ನ ಮುತ್ತು. ಚಿಕ್ಕಪ್ಪನಿಗೂ, ನನ್ನ ಬಗ್ಗೆ ಒಳ್ಳೆಯದು ಆಡಿದ ಊರವರಿಗೂ ಸಲಾಂ. ಕೆಟ್ಟದ್ದು ಆಡಿದವರಿಗೆ ಎರಡು ಸಲಾಂ. ದೇವರು ನಿಮ್ಮ ನೆರಳನ್ನು ನಮ್ಮ ತಲೆಯ ಮೇಲೆ ಬಹುಕಾಲ ಇಟ್ಟಿರಲಿ.

ನಿಮ್ಮಷ್ಟೇ ಹಟಮಾರಿಯಾದ
ಫಿಕ್ರಿ ಬಷೀರ್

ಮರೆತಿದ್ದೆ: ಅಂಬಿಗನ ಮಾತೆಲ್ಲ ನಮ್ಮ ನೂಬಿಯಾದ ಭಾಷೆಯಲ್ಲಿ. ನನಗೆ ಬರುತ್ತದೆ ಎಂದು ಮುಫೀದಾಳಿಗೆ ಹೇಳಿಬಿಟ್ಟಿದ್ದೇನೆ. ಬರುವುದಿಲ್ಲವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವೂ ಅಮ್ಮನೂ ಅದರಲ್ಲಿ ಮಾತಾಡಿಕೊಂಡು ನಗುತ್ತಿದ್ದಿರಿ, ನಾನು ಒಳಗೆ ಬಂದರೆ ಅರಬ್ಬಿಗೆ ತಿರುಗುತ್ತಿದ್ದಿರಿ. "ಇವನ ನಾಲಿಗೆಗೆ ಇದು ಅಂಟೋದು ಬೇಡ, ಸ್ಕೂಲಲ್ಲಿ ಆಡ್ಕೊಂಡು ನಗ್ತಾರೆ" ಎಂದಿರಿ. ಹೇಗೂ ನಕ್ಕರಲ್ಲ ಅಪ್ಪಾ! ಶುಕ್ರವಾರದ ರೈಲಿಗೆ ಬರುತ್ತಿದ್ದೇನೆ. ನೀವು ಮಾತು ಬಿಟ್ಟಿದ್ದರೂ ಬರುತ್ತೇನೆ, ಮಲಗಿದ್ದರೆ ಎಬ್ಬಿಸುತ್ತೇನೆ, ಕಲಿಸುವ ತನಕ ನಿಮ್ಮ ಜಗಲಿ ಬಿಟ್ಟು ಏಳುವುದಿಲ್ಲ. "ನಾನು ಹತ್ತುವುದಿಲ್ಲ" ಅನ್ನುವುದಕ್ಕೆ ನಮ್ಮಲ್ಲಿ ಏನನ್ನುತ್ತಾರೆ? ಅದರಿಂದಲೇ ಶುರು ಮಾಡೋಣ.