ನನ್ನ ದವಡೆಯ ಗಡ್ಡೆಗೆ ಸಿಕ್ಕ ಮರ್ಯಾದೆ

ಮಾನ್ಯ ಪ್ರಯೋಗಾಲಯದ ಮುಖ್ಯಸ್ಥರೇ,

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವಷ್ಟು ಓದಿದವನಲ್ಲ, ಅದಕ್ಕೇ ನೇರ ಬರೆಯುತ್ತಿದ್ದೇನೆ. ಪರೀಕ್ಷೆಗೆಂದು ನನ್ನ ದವಡೆಯಿಂದ ನೀವು ಕೆತ್ತಿಕೊಂಡ ಗಡ್ಡೆಯ ಚೂರಿನ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ತಣ್ಣನೆಯ ಪೆಟ್ಟಿಗೆ. ನನಗೆ ಹೊರಗಿನ ಕಬ್ಬಿಣದ ಬೆಂಚು. ಮೊನ್ನೆ ಆ ಪೆಟ್ಟಿಗೆ ಒಮ್ಮೆ ಕುಂಯ್ ಅಂದದ್ದಕ್ಕೆ ಬಿಳಿ ಕೋಟಿನವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿದರು. ನಾನು ಬೆಳಗಿನಿಂದ ನರಳುತ್ತಿದ್ದೆ, ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ನಿಮ್ಮ ಪ್ರಯೋಗಾಲಯ ನೋಡಲು ಅತಿಥಿಗಳು ಬಂದ ದಿನವಂತೂ ಗೋಡೆ ತುಂಬ ಅದರದೇ ಚಿತ್ರ, ಬಣ್ಣ ಬಳಿದು, ಮದುಮಗಳ ಹಾಗೆ. ಚೂರು ತೆಗೆದ ನಿಮ್ಮ ಹುಡುಗಿ ಬಾಗಿಲಲ್ಲಿ ಪಿಸುಗುಟ್ಟಿದಳು: "ಅಜ್ಜಾ, ನಿಮ್ದೇ ಇರ್ಬೇಕು. ಇಷ್ಟು ಜೋರಾಗಿ ಬೆಳೆದಿರೋದು ಬೇರೆ ಯಾವ್ದೂ ಬಂದಿಲ್ಲ." ನನ್ನ ಹೆಂಡತಿ ಇಣುಕಿ ನೋಡಿ, "ರೀ, ನಮ್ಮ ಮದುವೇಲೂ ನಿಮ್ಮನ್ನ ಇಷ್ಟು ಜನ ಕಣ್ಣರಳಿಸಿ ನೋಡಿರ್ಲಿಲ್ಲ" ಅಂದಳು. ಉರಿಯುವ ಬೆಂಕಿಗೆ ತುಪ್ಪ.

ಜೀವಕೋಶಕ್ಕೆ 'ಬೆಳೆ' ಎಂದು ಸುದ್ದಿ ಮುಟ್ಟಿಸುವ ಪ್ರೋಟೀನುಗಳಿವೆಯಂತೆ. ಅವುಗಳಲ್ಲೊಂದು ಕೆಟ್ಟರೆ, ಯಾರೂ ಹೇಳದಿದ್ದರೂ 'ಬೆಳೆ, ಬೆಳೆ' ಎಂದು ಬಡಕೊಳ್ಳುತ್ತಲೇ ಇರುತ್ತದಂತೆ. ಶಸ್ತ್ರಚಿಕಿತ್ಸೆಯ ಡಾಕ್ಟರು ಹೇಳಿದ್ದು ಇಷ್ಟು: ನನ್ನ ಗಡ್ಡೆಯಲ್ಲಿ ಕೆಟ್ಟಿರುವುದು ಅದೇ ಆದರೆ, ಅದರ ಬಾಯಿ ಮುಚ್ಚಿಸುವ ಮಾತ್ರೆ ಇದೆ, ಗಡ್ಡೆ ಕುಗ್ಗಿದರೆ ದವಡೆ ಉಳಿಯಬಹುದು. ಇಲ್ಲದಿದ್ದರೆ ಬರುವ ಸೋಮವಾರ ಅರ್ಧ ದವಡೆ ಕತ್ತರಿಸುತ್ತಾರೆ. ನಾನು ಕುರ್ಚಿಗಳಿಗೆ ಮೆತ್ತೆ ಹೊದಿಸುವವನು. ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಇರುವುದು ಹಲ್ಲಿನ ನಡುವೆ. ದವಡೆ ಹೋದರೆ ನನ್ನ ಪಾಲಿಗೆ ಮೂರನೇ ಕೈ ಹೋದಂತೆ.

ಫಲಿತಾಂಶ ಕೇಳಿದರೆ ನೀವು ಕೊಟ್ಟ ಉತ್ತರವೇನು? "ಅದು ಸಂಶೋಧನೆ, ಯಜಮಾನ್ರೇ. ಹೆಸರು ತೆಗೆದು ನಂಬರ್ ಹಾಕಿದೀವಿ. ನಿಮ್ಮ ಗುಟ್ಟು ಕಾಪಾಡೋಕೆ." ಯಾರಿಂದ ಸ್ವಾಮೀ? ನನ್ನಿಂದಲಾ? ನನ್ನ ದವಡೆಯ ಸುದ್ದಿ ಬಂದ ಅತಿಥಿಗಳಿಗೆಲ್ಲ ಬಾಯಿಪಾಠ, ಹೊತ್ತು ತಿರುಗುವವನಿಗೆ ಮಾತ್ರ ಗುಟ್ಟು! ಯಾವ ನಂಬರ್ ಯಾರದು ಎಂಬುದು ನಿಮಗೊಬ್ಬರಿಗೆ ಗೊತ್ತೆಂದು ನೀವೇ ಬಾಯಿಬಿಟ್ಟಿರಿ. ಗೊತ್ತಿದ್ದೂ ಕೂತಿರುವುದಕ್ಕೆ ಯಾವ ಶಾಸ್ತ್ರದಲ್ಲಿ ಸಂಶೋಧನೆ ಅನ್ನುತ್ತಾರೆ?

ಸೋಮವಾರದೊಳಗೆ, ಆ ಪ್ರೋಟೀನು ಕೆಟ್ಟಿದೆಯೋ ಇಲ್ಲವೋ ಡಾಕ್ಟರಿಗೆ ತಿಳಿಸಿ. ಸಂಶೋಧನೆಯ ಪರೀಕ್ಷೆ ಚಿಕಿತ್ಸೆಗೆ ನಡೆಯದು ಎನ್ನುವುದಾದರೆ ಇನ್ನೊಂದು ಚೂರು ತೆಗೆದು ಮತ್ತೆ ನೋಡಿ, ಬಾಯಿ ತೆರೆದು ಕೂರುತ್ತೇನೆ. ಕೆಟ್ಟಿಲ್ಲ ಎಂದರೆ ತುಟಿ ಪಿಟಕ್ಕೆನ್ನದೆ ಮೇಜಿನ ಮೇಲೆ ಮಲಗುತ್ತೇನೆ. ಆದರೆ ನೀವು ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ದವಡೆ ಕೊಡಲಾರೆ.

ಇಂತಿ,
ನಿಮ್ಮ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೆ ಹಿಡಿಸದೆ ಹೊರಗುಳಿದ ಮುದುಕ