ಪಾರವ್ವ ಬರೆದದ್ದು, ನಾನು ಓದುವುದು

ಯಡಿಯೂರು
ಶುಕ್ರವಾರ, ಮಧ್ಯಾಹ್ನದ ಊಟ ಆದ ಮೇಲೆ

ಕಾತ್ಯಾಯಿನಿ,

ಆಶೀರ್ವಾದ, ನಿನಗೂ ನಿನ್ನ ಕೋಪಕ್ಕೂ. ಎರಡಕ್ಕೂ ಆಯುಸ್ಸು ಗಟ್ಟಿ ಎಂದು ನನಗೆ ಗೊತ್ತು.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಅಮ್ಮ, ಭಾನುವಾರ ನೀನು ಅದನ್ನ ಓದಿದ್ರೆ ನನ್ನ ಮನೆ ಹೊಸಿಲು ತುಳೀಬೇಡ" ಅಂದು ಇಟ್ಟುಬಿಟ್ಟೆ. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಸಂಹಿತಾ ಪದ್ಮನಾಭನಗರದ ಟ್ಯೂಷನ್ ಮುಗಿಸಿ ಇಲ್ಲಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತೇನೆ. ನನ್ನ ಮಂಚದ ಮೇಲಿದ್ದ ಪಾರವ್ವನ ಹಾಳೆ ಓದಿ ನಿನಗೆ ವರದಿ ಒಪ್ಪಿಸಿದವಳೂ ಅವಳೇ. ನನ್ನ ಮೊಮ್ಮಗಳನ್ನು ಬೈಯಬೇಡ. ಓದಿದ್ದು ಅರ್ಥವಾಯಿತಲ್ಲ, ಅಷ್ಟು ಸಾಕು.

ಆ ಲೈಬ್ರರಿ ಹಿಂದಿನ ಕೋಣೆಗೆ ನನ್ನನ್ನು ಅಟ್ಟಿದವಳು ನೀನೇ, ನೆನಪಿರಲಿ. ನಿಮ್ಮಪ್ಪ ಹೋದ ಮೇಲೆ ನಾನು ಹೊತ್ತಿಗೊಂದು ಸಲ ಫೋನ್ ಮಾಡಿ ಸಾರಿಗೆ ಏನು ಹಾಕಿದೆ ಎಂದು ಕೇಳುತ್ತಿದ್ದೆ. ಆ ಕಾಟ ತಪ್ಪಲಿ ಎಂದು, "ಅಲ್ಲಿ ಹೆಂಗಸ್ರೆಲ್ಲ ಸೇರಿ ಏನೋ ಬರೀತಾರಂತೆ, ಹೋಗು, ಟೈಮ್ ಪಾಸ್ ಆಗತ್ತೆ" ಅಂದೆ. ಊರಿನಲ್ಲಿ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆಮೇಲೆ ಬರೆದದ್ದಾದರೂ ಏನು? ದಿನಸಿ ಚೀಟಿ, ಮದುವೆ ಪತ್ರಿಕೆಗಳ ಮೇಲೆ ನೆಂಟರ ಹೆಸರು, ನಿನ್ನಣ್ಣ ಚಕ್ರಪಾಣಿಯ ಮಾರ್ಕ್ಸ್ ಕಾರ್ಡಿಗೆ ಸಹಿ.

ಮೊದಮೊದಲು ದೇವರು ದೊಡ್ಡವನು, ತಾಯಿ ದೊಡ್ಡವಳು ಎಂದೆಲ್ಲ ಬರೆದು ಒಪ್ಪಿಸುತ್ತಿದ್ದೆ. ನಮಗೆ ಹೇಳಿಕೊಡುವ ಶಿಲ್ಪಶ್ರೀ ನಿನಗಿಂತ ಎಷ್ಟೋ ಚಿಕ್ಕವಳು. ಅವಳು ಓದಿ, "ಚೆನ್ನಾಗಿದೆ ಅಜ್ಜಿ, ಆದ್ರೆ ಇದ್ರಲ್ಲಿ ನೀವೆಲ್ಲಿದೀರಿ?" ಅಂದಳು. ನನಗೆ ಮೈ ಉರಿಯಿತು. ಮನೆಗೆ ಬಂದು ಹುಡುಕಿದರೆ ನಿಜಕ್ಕೂ ನಾನು ಎಲ್ಲೂ ಇರಲಿಲ್ಲ. ಸಿಗುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ನಮ್ಮತ್ತೆಯನ್ನು ಮನಸ್ಸಿನಲ್ಲೇ ಬೈಯುತ್ತ ದೋಸೆಹಿಟ್ಟು ರುಬ್ಬುತ್ತಿದ್ದದ್ದನ್ನು ಬರೆದ ದಿನ ಕೋಣೆಯಲ್ಲಿ ಎಲ್ಲರೂ ನಕ್ಕರು. ಪಾರವ್ವ ಒಬ್ಬಳೇ ಅತ್ತಳು. ನಮ್ಮಿಬ್ಬರ ಸ್ನೇಹ ಅಲ್ಲಿಂದ.

ನಿನಗೆ ಅವಳು ಅಡುಗೆಯವಳು. ನನಗೆ ಪಕ್ಕದ ಕುರ್ಚಿಯವಳು. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ. ಮೊಮ್ಮಗು ಆದ ಮೇಲೆ ನಮ್ಮ ಕೋಣೆಯಲ್ಲೇ ಅಕ್ಷರ ತಿದ್ದಿದವಳು. ಅಡುಗೆಗೆ ಒಳ್ಳೆಯ ಕೈ ಎಂದು ಜಯನಗರದ ನಿನ್ನ ಮನೆಗೆ ಅವಳನ್ನು ಸೇರಿಸಿದವಳು ನಾನೇ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ. ಡಬ್ಬಿಯಿಂದ ಚೀಟಿ ಎತ್ತಿದಾಗ ಯಾರ ಹೆಸರು ಬರುತ್ತದೋ ಅವರದನ್ನು ಓದಬೇಕು. ಬರೆದವರು ಮುಗಿಯುವ ತನಕ ತುಟಿ ಬಿಚ್ಚದೆ ಕೇಳಬೇಕು. ತಾನು ಬರೆದದ್ದು ಇನ್ನೊಬ್ಬರ ಬಾಯಿಂದ ಬಂದರೆ ನಾಚಿಕೆ ಬಿಡುತ್ತದೆ ಎನ್ನುತ್ತಾಳೆ ಶಿಲ್ಪಶ್ರೀ. ಭಾನುವಾರ ನಮ್ಮ ಗುಂಪಿನ ಸಭೆಯಲ್ಲಿ ಜನರ ಮುಂದೆ ಓದುವುದಕ್ಕೆಂದು ಚೀಟಿ ಎತ್ತಿದರೆ ನನಗೆ ಪಾರವ್ವ ಬಂದಳು. ಅವಳ ಅಕ್ಷರ ಉಂಡೆ ಉಂಡೆಯಾಗಿರುತ್ತದೆ, ಕನ್ನಡಕ ಇಲ್ಲದಿದ್ದರೂ ನಡೆಯುತ್ತದೆ ಎಂದು ನಾನು ಖುಷಿಪಟ್ಟೆ.

ಅವಳು ಬರೆದದ್ದು ಇಷ್ಟು. ಒಂದು ಮನೆಗೆ ಯಜಮಾನರ ಆಫೀಸಿನವರು ಊಟಕ್ಕೆ ಬಂದಿದ್ದಾರೆ. ಅಡುಗೆಯವಳು ಹಿಂದೆ ವಾಷಿಂಗ್ ಮಷೀನಿನ ಪಕ್ಕ ಕೂತು, ಬಾಗಿಲು ಮುಂದೆ ಮಾಡಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಮನೆಯಾಕೆ ಒಳಗೆ ಬಂದು ಹಿಟ್ಟಿನ ತಟ್ಟೆಗೆ ಎರಡೂ ಅಂಗೈ ಒತ್ತಿಕೊಂಡು, ರೊಟ್ಟಿ ಎತ್ತಿಕೊಂಡು ಹೊರಗೆ ಹೋಗುತ್ತಾಳೆ. ಎಲ್ಲ ನಾನೇ ಬಡಿದದ್ದು ಎನ್ನುತ್ತಾಳೆ. ಆಮೇಲೆ ಪಾರವ್ವ ಬರೆಯುತ್ತಾಳೆ: "ಹೊರಗ ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಒಳಗ ಬಡಿಯೂದು ನಿಲ್ಲಿಸಿದೆ. ಸಪ್ಪಳ ಹೊರಗ ಕೇಳೀತು ಅಂತ."

ಕೋಣೆಯಲ್ಲಿ ಅಭ್ಯಾಸಕ್ಕೆ ಓದುವಾಗ ಆ ಸಾಲಿಗೆ ಬಂದು ಹಾಳೆಯನ್ನು ತೊಡೆಯ ಮೇಲೆ ಇಟ್ಟುಬಿಟ್ಟೆ. ಆ ಊಟಕ್ಕೆ ನಾನೂ ಕೂತಿದ್ದೆನಲ್ಲ ಮಗಳೇ. ಅಳಿಯಂದಿರ ಮೇಲಿನ ಆಫೀಸರ ಪಕ್ಕದಲ್ಲೇ ಕೂತು, "ನನ್ ಮಗಳು ಇದನ್ನ ಯಾವಾಗ ಕಲಿತ್ಲೋ" ಎಂದು ಬೀಗಿ, ಬೇಡದಿದ್ದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡವಳು. ತಲೆ ಎತ್ತಿ ಪಾರವ್ವನನ್ನು ನೋಡಿದೆ. ಅವಳು ಪದ್ಧತಿಯಂತೆ ತುಟಿ ಬಿಚ್ಚಲಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಊರೆಲ್ಲ ಡಂಗುರವಾ ಎಂದು ನೀನು ಕೇಳಿದೆ. ಹೆಸರಿಲ್ಲದಿದ್ದರೂ ನಿನ್ನ ಗೆಳತಿಯರಿಗೆ ಗೊತ್ತಾಗುತ್ತದೆ ಎಂದೆ. ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಅವಳಿಗೆ ಜ್ವರ ಬಂದಾಗ ನೀನು ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದದ್ದನ್ನು ಯಾಕೆ ಬರೆಯಲಿಲ್ಲ ಎಂದೂ ಕೇಳಿದೆ. ಆ ಮಾತಿನಲ್ಲಿ ನ್ಯಾಯವಿದೆ ಎನ್ನಿಸಿ ಅದನ್ನೇ ಪಾರವ್ವನನ್ನು ಕೇಳಿದೆ. ಅವಳು, "ಸ್ಕೂಟರಿಂದು ನೀವ ಬರೀರಿ ಅಮ್ಮಾರ. ತಾಯಿ ಬರದ್ರ ಛಂದ" ಅಂದಳು. ಮೂರನೇ ಕ್ಲಾಸಿನವಳ ಬಾಯಿ ಮುಚ್ಚಿಸುವಷ್ಟು ಕಲಿತಿದ್ದಾಳೆ.

ನಿನ್ನ ಸಿಟ್ಟಿನ ಸುದ್ದಿ ತಿಳಿದ ಮೇಲೆ ಅವಳೇ ಹಿಂದೆ ಸರಿದಳು. "ಓದಬ್ಯಾಡ್ರಿ. ನನಗ ಇನ್ನೊಂದು ಮನಿ ಸಿಗ್ತದ, ನಿಮಗ ಇನ್ನೊಬ್ಬಾಕಿ ಮಗಳು ಸಿಗೂದಿಲ್ಲ" ಅಂದಳು. ನಾನು ಶಿಲ್ಪಶ್ರೀಯ ಹತ್ತಿರ ಹೋಗಿ ಚೀಟಿ ಬದಲಾಯಿಸು ಎಂದೆ. ಹೌದು, ಕೇಳಿದೆ. ನಿನಗೋಸ್ಕರವೇ ಕೇಳಿದೆ. ಬೇರೆಯವರು ಓದಿದರೆ ನಾನು ಹಿಂದಿನ ಸಾಲಿನಲ್ಲಿ ಗೊತ್ತಿಲ್ಲದವಳಂತೆ ಕೂರಬಹುದು ಎಂದುಕೊಂಡೆ. ಅವಳು, "ಆಗಲಿ ಅಜ್ಜಿ, ಆದ್ರೆ ಪಾರವ್ವಂಗೆ ನೀವೇ ಹೇಳಿ" ಅಂದಳು. ಹೇಳಲು ಹೋದೆ. ಪಾರವ್ವ ಕಿಟಕಿ ಪಕ್ಕ ಕೂತು ತನ್ನ ಹಾಳೆಯನ್ನು ಇನ್ನೊಮ್ಮೆ ಚೆನ್ನಾಗಿ ನಕಲು ಮಾಡುತ್ತಿದ್ದಳು. ಯಾರೂ ಓದದಿದ್ದರೂ ಇರಲಿ ಎಂದು. ನನ್ನ ನಾಲಿಗೆ ಏಳಲಿಲ್ಲ. ನನ್ನ ನಾಲಿಗೆ ಏಳದ ದಿನ ನೀನು ಎಂದಾದರೂ ನೋಡಿದ್ದೀಯಾ?

ಆದ್ದರಿಂದ ನಾನು ಓದುತ್ತೇನೆ. ಬರಹ ಅವಳದು, ಅದರಲ್ಲಿ ನನ್ನದೇನೂ ಇಲ್ಲ. ನನ್ನದು ಬರೀ ದನಿ.

ನಿನ್ನ ಹೊಸಿಲು ತುಳಿಯುವುದಿಲ್ಲ, ನೀನು ಕರೆಯುವ ತನಕ. ಇದನ್ನು ಜಂಬದಿಂದ ಬರೆಯುತ್ತಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಎಲ್ಲಿಗೆ ಹೋಗಲಿ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಚಕ್ರಪಾಣಿ, "ಯಾಕಮ್ಮ ಈ ವಯಸ್ಸಲ್ಲಿ ನಿನಗೆ ಇದೆಲ್ಲ" ಎನ್ನುತ್ತಾನೆ. ಅನ್ನ ಸೇರುತ್ತಿಲ್ಲ.

ಒಂದೇ ಬೇಡಿಕೆ. ಪಾರವ್ವನನ್ನು ಕೆಲಸದಿಂದ ತೆಗೆಯಬೇಡ. ಯಾರನ್ನಾದರೂ ಹೊರಗಿಡಲೇಬೇಕು ಎನ್ನಿಸಿದರೆ ನನ್ನನ್ನು ಇಡು. ನನಗೆ ಮಗನ ಮನೆಯಿದೆ.

ಬೈದರೂ ನಿನ್ನವಳೇ ಆದ ಅಮ್ಮ,
ಲಕ್ಷ್ಮಿದೇವಮ್ಮ

ಮತ್ತೆ: ಇದನ್ನು ಬರೆಯದೆ ಕವರು ಅಂಟಿಸೋಣ ಎಂದಿದ್ದೆ, ಆಗಲಿಲ್ಲ. ಮೊದಲ ದಿನ ನಾನು ಓದಿದಾಗ ಅದರಲ್ಲಿ ನೀನು ಅಂಗೈಗೆ ಹಿಟ್ಟು ಒತ್ತಿಕೊಂಡ ಮಾತೇ ಇರಲಿಲ್ಲ. ಪಾರವ್ವ ನಿನ್ನ ಮಾನ ಕಾಯಲು ಅದನ್ನು ಬಿಟ್ಟಿದ್ದಳು. ನಾನೇ ಅವಳನ್ನು ಯಡಿಯೂರು ಕೆರೆಯ ಬೆಂಚಿನ ಮೇಲೆ ಕೂರಿಸಿ, ಅವತ್ತು ನನ್ನ ಮಗಳ ಕೈಯಲ್ಲಿ ಹಿಟ್ಟಿತ್ತಲ್ಲ, ಅದು ಹೇಗೆ ಬಂತು ಎಂದು ಕೆದಕಿದೆ. "ಬ್ಯಾಡ್ರಿ ಅಮ್ಮಾರ, ನಿಮ್ಮ ಮಗಳು" ಎಂದಳು. ಬಿಡಲಿಲ್ಲ, ಬರೆಸಿದೆ. ಅವಳ ಮೇಲಿನ ಕರುಣೆಗೆ ಬರೆಸಿದೆ ಎಂದು ತಿಳಿಯಬೇಡ. ನಿನ್ನ ಮೇಲೆ ಸಿಟ್ಟೂ ಇರಲಿಲ್ಲ. ಅದಿಲ್ಲದೆ ಬರಹ ಸಪ್ಪೆಯಾಗಿತ್ತು ಕಾತ್ಯಾಯಿನಿ, ಅಷ್ಟಕ್ಕೇ.